ಕೋಣನ ಕ್ಲಚ್ಚು

ನಮ್ಮ ಅಡುಗೆಮನೆಯಿಂದ ಗ್ಯಾರೇಜಿಗೆ ಒಂದು ಬಾಗಿಲಿತ್ತು. ತೆರೆದರೆ ಮೂರು ಮೆಟ್ಟಿಲು, ಆಮೇಲೆ ತಣ್ಣನೆಯ ಸಿಮೆಂಟು ನೆಲ. ನನಗೆ ಹದಿಮೂರು ತುಂಬುವ ತನಕ ಆ ಬಾಗಿಲಿನಾಚೆ ನಮಗೆ ಬೇಕಾಗುತ್ತಿದ್ದದ್ದು ಅಕ್ಕಿ ಚೀಲ, ಈರುಳ್ಳಿ ಬುಟ್ಟಿ, ಅಜ್ಜಿ ಧಾರವಾಡದಿಂದ ತಂದಿಟ್ಟ ಖಾರಪುಡಿಯ ಡಬ್ಬಗಳು, ಇಷ್ಟೇ. ಬರ್ಮಿಂಗ್‌ಹ್ಯಾಮಿನ ಪಶ್ಚಿಮಕ್ಕೆ, ಟಿವಿಡೇಲಿನ ಇಳಿಜಾರಿನಲ್ಲಿದ್ದ ಆ ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ ಅಲ್ಲೇ ಹತ್ತಿರದಲ್ಲಿ ಜಿಪಿ, ಅಂದರೆ ಜ್ವರ, ಕೆಮ್ಮು, ಮಂಡಿನೋವುಗಳ ಡಾಕ್ಟರು. ಅಪ್ಪನ ತಾಯಿ, ನಮ್ಮಜ್ಜಿ, ಅಜ್ಜ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಬಂದು ನೆಲೆಸಿದ್ದಳು. ಬಿಸಿನೀರಿನ ಟ್ಯಾಂಕಿನ ಮೇಲಿದ್ದ ಬೆಚ್ಚನೆಯ ಕಪಾಟೇ ಅವಳ ದೇವರಕೋಣೆ. ಅಮ್ಮ ಮೈಸೂರಿನವಳು. ಬೆಳಗ್ಗೆ ಎಲ್ಲರ ಡಬ್ಬಿ ಕಟ್ಟಿ, ಒಂಬತ್ತಕ್ಕೆ ಸರಿಯಾಗಿ ಅಪ್ಪನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ಫೋನೆತ್ತುತ್ತಿದ್ದಳು. ಅವಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ್ದಳು, ಮದುವೆಗೆ ಮುಂಚೆ ಎರಡು ವರ್ಷ ಬೆಂಗಳೂರಿನಲ್ಲಿ ಗೇರ್‌ಬಾಕ್ಸ್ ಮಾಡುವ ಕಾರ್ಖಾನೆಯಲ್ಲಿದ್ದಳು ಎಂಬುದು ನನಗೆ ಗೊತ್ತಿತ್ತು. ಅಜ್ಜಿಗೆ ಸಣ್ಣವಳಿದ್ದಾಗ ವೀಣೆ ಬರುತ್ತಿತ್ತಂತೆ ಎಂಬುದು ಗೊತ್ತಿದ್ದ ಹಾಗೆ. ಮನೆಯಲ್ಲಿ ಯಾರೂ ಅವಳನ್ನು ಅದರ ಬಗ್ಗೆ ಏನೂ ಕೇಳುತ್ತಿರಲಿಲ್ಲ. ನಾನಂತೂ ಆಗ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ.

ಕಾರು ಬಂದದ್ದು ಅಪ್ಪನ ಆಸೆಯಿಂದ. ಅಪ್ಪನಿಗಿಂತ ಹಿರಿಯ ಡಾಕ್ಟರೊಬ್ಬರು ನಿವೃತ್ತರಾಗಿ ಸಮುದ್ರದ ಕಡೆಯ ಊರಿಗೆ ಹೊರಟಾಗ, ತಮ್ಮ ಹಳೆಯ ಅಮೆರಿಕನ್ ಕಾರನ್ನು ಅಪ್ಪನಿಗೆ ಕೊಟ್ಟು ಹೋದರು. ಕಡು ಹಸಿರು ಬಣ್ಣ. ಮುಂದೆ ಉದ್ದಕ್ಕೆ ಚಾಚಿದ ಮೂತಿ, ಒಳಗೆ ಎಂಟು ಸಿಲಿಂಡರಿನ ಇಂಜಿನ್ನು, ಸ್ಟೀರಿಂಗು ಎಡಕ್ಕೆ. ಅದನ್ನು ಗ್ಯಾರೇಜಿಗೆ ತುಂಬಿಸಲು ಅಕ್ಕಿ ಚೀಲ ಈರುಳ್ಳಿ ಬುಟ್ಟಿಗಳೆಲ್ಲ ಮೆಟ್ಟಿಲ ಮೇಲೆ ಬಂದು ಕೂತವು. ಇಂಜಿನ್ ಶುರುಮಾಡಿದರೆ ಅಡುಗೆಮನೆಯ ತಟ್ಟೆಗಳು ಸ್ಟ್ಯಾಂಡಿನಲ್ಲಿ ಸಣ್ಣಗೆ ಟಿಣಿಟಿಣಿ ಅನ್ನುತ್ತಿದ್ದವು. ಅಜ್ಜಿ ಮೊದಲ ದಿನವೇ ಅದರ ಮೂತಿ ನೋಡಿ, ಗುಟುರು ಕೇಳಿ, ಕೋಣ ಎಂದು ಹೆಸರಿಟ್ಟಳು. ಅವತ್ತಿನಿಂದ ಅದು ಮನೆಯವರಿಗೆಲ್ಲ ಕೋಣವೇ.

ಹೊಸ ಗಾಡಿ ಅಂದಮೇಲೆ ಪೂಜೆಯಾಗಬೇಕು. ಒಂದು ಭಾನುವಾರ ಅಜ್ಜಿ ರೇಷ್ಮೆ ಸೀರೆಯುಟ್ಟು, ನಾಲ್ಕು ನಿಂಬೆಹಣ್ಣು ತಗೊಂಡು ಹಿಂದಿನ ಸೀಟಿನಲ್ಲಿ ಕೂತಳು. ಬಾಲಾಜಿ ದೇವಸ್ಥಾನ ನಮ್ಮ ಮನೆಗೆ ಐದು ನಿಮಿಷದ ದಾರಿ. ಅಪ್ಪ ಊರೆಲ್ಲ ಸುತ್ತಿಸಿ ಅರ್ಧ ಗಂಟೆ ಮಾಡಿದ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ, ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ, ಬ್ರೇಕು ಹಾಕದೆ ಕ್ಲಚ್ಚನ್ನೇ ಅರ್ಧ ಒತ್ತಿ ಹಿಡಿದುಕೊಂಡಿರುತ್ತಿದ್ದ. ಅಮ್ಮ ಎರಡು ಸಲ ಅವನ ಎಡಗಾಲಿನ ಕಡೆ ನೋಡಿದಳು. ದೇವಸ್ಥಾನದ ಗೇಟಿಗೆ ಇನ್ನು ನೂರು ಗಜ ಇರುವಾಗ ಕೋಣ ಗುಟುರು ಹಾಕಿತು, ಮುಂದಕ್ಕೆ ಮಾತ್ರ ಹೋಗಲಿಲ್ಲ. ಅಪ್ಪ ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಹೆಚ್ಚಾಯಿತೇ ಹೊರತು ಚಕ್ರ ಉರುಳಲಿಲ್ಲ. ಸುಟ್ಟ ಹಗ್ಗದಂಥ ವಾಸನೆ ಕಾರಿನೊಳಗೆಲ್ಲ ತುಂಬಿತು. ಕೊನೆಗೆ ಪಂಚೆ ಶಲ್ಯದಲ್ಲಿದ್ದ ನಾಲ್ಕೈದು ಗಂಡಸರು, ಪ್ರಸಾದದ ದೊನ್ನೆಗಳನ್ನು ಗೋಡೆಯ ಮೇಲಿಟ್ಟು, ನಮ್ಮನ್ನು ತಳ್ಳಿಕೊಂಡು ಒಳಗೆ ತಂದರು. ಅಜ್ಜಿ ಕೆಳಗಿಳಿಯದೆ, ಅಂಬಾರಿಯಲ್ಲಿ ಬಂದ ಹಾಗೆ, ಒಳಗೆ ಕೂತೇ ಬಂದಳು. ನನಗೆ ನಗು ತಡೆಯಲಾಗಲಿಲ್ಲ. ಅಪ್ಪನ ಮುಖ ನೋಡಿದ ಮೇಲೆ ತಡೆದುಕೊಂಡೆ.

ಮರುದಿನ ಕೋಣವನ್ನು ಲಾರಿಯ ಮೇಲೆ ಮನೆಗೆ ತರಿಸಿದೆವು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕಾರು ಮಾರುವುದೆಂದು ನಿರ್ಧರಿಸಿಬಿಟ್ಟಿದ್ದ. ನಾಟಿಂಗ್‌ಹ್ಯಾಮಿನ ಅವನ ಗೆಳೆಯ ಡಾಕ್ಟರ್ ಹೆಗಡೆಗೆ ಮೊದಲಿನಿಂದ ಅದರ ಮೇಲೆ ಕಣ್ಣಿತ್ತು. ಈಸ್ಟರ್ ರಜೆಯ ಕೊನೆಯ ಭಾನುವಾರ ಬಂದು ನೋಡುತ್ತೇನೆಂದು ಫೋನಿನಲ್ಲಿ ಹೇಳಿದ್ದರು. ಅಷ್ಟರೊಳಗೆ ಒಂದು ಗ್ಯಾರೇಜಿನವರಿಂದ ರಿಪೇರಿ ಮಾಡಿಸಿದರಾಯಿತು ಎಂದು ಅಪ್ಪ. ಆಗ ಅಮ್ಮ ಅನ್ನಕ್ಕೆ ಸಾರು ಹಾಕುತ್ತ, ಯಾವ ಗ್ಯಾರೇಜೂ ಬೇಡ, ನಾನು ಮಾಡುತ್ತೇನೆ ಅಂದಳು. ಅಪ್ಪ ನಕ್ಕ. ಕೆಟ್ಟ ಮನಸ್ಸಿನಿಂದೇನಲ್ಲ. ಆದರೂ ನಕ್ಕ. ಅಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲಿಟ್ಟಳು.

"ಹದಿನಾಲ್ಕು ವರ್ಷದಿಂದ ನಿಮ್ಮ ಕ್ಲಿನಿಕ್ಕಿನ ಫೋನ್ ಎತ್ತಿದೀನಿ. ನನಗೆ ಒಂದು ವಾರ ರಜ ಕೊಡಿ. ಆ ಗ್ಯಾರೇಜ್ ಬಾಗಿಲು ನನಗೆ ಬಿಡಿ."

ಅಪ್ಪನ ನಗು ನಿಂತಿತು. ಅಜ್ಜಿ ಮಗನ ಮುಖ, ಸೊಸೆಯ ಮುಖ ಎರಡನ್ನೂ ನೋಡಿ, ಆ ವಾರದ ಅಡುಗೆ ತನ್ನದು ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಆ ವಾರ ನಮ್ಮ ಮನೆಯಲ್ಲಿದ್ದ ಸಂಭ್ರಮವನ್ನು ಹೇಗೆ ಹೇಳಲಿ. ಮದುವೆ ಮನೆಯ ಹಾಗಿತ್ತು. ಬೆಳಗ್ಗೆ ಆರಕ್ಕೇ ಅಮ್ಮ ಅಪ್ಪನ ಹಳೆಯ ಪ್ಯಾಂಟು ತೊಟ್ಟು, ಜಡೆಯನ್ನು ಸುತ್ತಿ ಗಂಟು ಹಾಕಿ, ಬಳೆಗಳನ್ನು ತೆಗೆದು ಉಪ್ಪಿನ ಡಬ್ಬಿಯ ಪಕ್ಕದಲ್ಲಿಟ್ಟು ಮೆಟ್ಟಿಲಿಳಿಯುತ್ತಿದ್ದಳು. ಹಿಂದೆ ನಾನು, ಕೈಯಲ್ಲಿ ದೀಪ. ಮೊದಲ ದಿನ ಕ್ಲಚ್ಚು ಅಂದರೇನು ಅಂತಲೇ ನನಗೆ ಗೊತ್ತಿರಲಿಲ್ಲ. ಅಮ್ಮ ನನ್ನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ಎರಡು ಸ್ಟೀಲ್ ತಟ್ಟೆ ತಗೊಂಡು, ನಡುವೆ ಅಜ್ಜಿ ಆಗಷ್ಟೇ ಬೇಯಿಸಿದ ಒಂದು ಚಪಾತಿ ಇಟ್ಟಳು. ಒಂದು ತಟ್ಟೆ ಇಂಜಿನ್ನಿಗೆ ಕಟ್ಟಿದ ಫ್ಲೈವೀಲು, ಯಾವಾಗಲೂ ತಿರುಗುತ್ತಿರುತ್ತದೆ. ಇನ್ನೊಂದು ಪ್ರೆಶರ್ ಪ್ಲೇಟು. ಅದರ ಸ್ಪ್ರಿಂಗು ಚಪಾತಿಯನ್ನು ಒತ್ತಿ ಹಿಡಿಯುತ್ತದೆ. ಚಪಾತಿಯೇ ಕ್ಲಚ್ ಪ್ಲೇಟು. ಅದು ತಿರುಗಿದರೆ ಗೇರು, ಗೇರು ತಿರುಗಿದರೆ ಚಕ್ರ. ಪೆಡಲ್ ಒತ್ತಿದರೆ ತಟ್ಟೆಗಳ ಹಿಡಿತ ಬಿಡುತ್ತದೆ. ಅಮ್ಮ ಮೇಲಿನ ತಟ್ಟೆಯನ್ನು ಸಡಿಲ ಹಿಡಿದು ಕೆಳಗಿನದನ್ನು ತಿರುಗಿಸಿದಳು. ತಟ್ಟೆ ಜಾರಿತು, ಚಪಾತಿ ತಿರುಗಲಿಲ್ಲ. ಅಪ್ಪ ಅವತ್ತು ಮಾಡಿದ್ದು ಇದನ್ನೇ, ಅರ್ಧ ಹಿಡಿತದಲ್ಲೇ ಉಜ್ಜಿ ಉಜ್ಜಿ ಸುಟ್ಟಿದ್ದು ಅಂದಳು. ಅನ್ನದ ಜೋಡಿ ಆಟ ಆಡಬ್ಯಾಡ್ರಿ ಎಂದು ಬೈದ ಅಜ್ಜಿಯೇ ಹತ್ತಿರ ಬಂದು, ತಟ್ಟೆ ಇಸಿದುಕೊಂಡು, ತಾನೂ ಎರಡು ಸುತ್ತು ತಿರುಗಿಸಿ ನೋಡಿದಳು.

ಗೇರ್‌ಬಾಕ್ಸ್ ಇಳಿಸುವುದಕ್ಕೇ ಎರಡು ದಿನ ಹಿಡಿಯಿತು. ಕಾರನ್ನು ನಾಲ್ಕು ಗಟ್ಟಿ ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿ, ಪ್ರತಿಯೊಂದನ್ನೂ ಅಲುಗಿಸಿ ನೋಡಿದ ಮೇಲೆಯೇ ಅಮ್ಮ ನನ್ನನ್ನು ಅಡಿಗೆ ಬಿಟ್ಟದ್ದು. ಕಬ್ಬಿಣದ ಆ ಮುದ್ದೆ ನನಗಿಂತ ಭಾರವಿತ್ತು. ಜಾಕಿನ ಮೇಲೆ ಹಲಗೆ ಕಟ್ಟಿ, ಅದರ ಮೇಲೆ ಗೇರ್‌ಬಾಕ್ಸನ್ನು ಮಲಗಿಸಿ, ಕೂಸನ್ನು ತೊಟ್ಟಿಲಿಂದ ಎತ್ತುವಷ್ಟು ಮೆಲ್ಲಗೆ ಅಮ್ಮ ಹಿಂದಕ್ಕೆ ಎಳೆದಳು. ಹಳೆಯ ಕ್ಲಚ್ ಪ್ಲೇಟು ಹೊರಗೆ ಬಂತು. ಅಂಚೆಲ್ಲ ಕರಕಲು, ರಿವೆಟ್ಟುಗಳು ಮೇಲೆದ್ದು ಕಾಣುತ್ತಿದ್ದವು. ಫ್ಲೈವೀಲಿನ ಮೇಲೆ ಅಲ್ಲಲ್ಲಿ ನವಿಲಿನ ಕೊರಳಿನ ಬಣ್ಣದ ಕಲೆ; ಕಾದು ಕಾದು ಆದದ್ದು. ಅಮ್ಮ ಅದರ ಮೇಲೆ ಬೆರಳಾಡಿಸಿ ತನ್ನಷ್ಟಕ್ಕೆ ನಕ್ಕಳು. ಅವಳ ಮುಖದಲ್ಲಿ ಆ ಥರದ ನಗುವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಫ್ಲೈವೀಲನ್ನು ಹಳೆಯ ಸೀರೆಯಲ್ಲಿ ಸುತ್ತಿ, ನಮ್ಮ ಇನ್ನೊಂದು ಸಣ್ಣ ಕಾರಿನಲ್ಲಿಟ್ಟುಕೊಂಡು, ಕಾಲುವೆ ಪಕ್ಕದ ಒಂದು ಲೇತ್ ಶೆಡ್ಡಿಗೆ ಹೋದೆವು. ಅಪ್ಪನೂ ಬಂದಿದ್ದ. ಶೆಡ್ಡಿನ ಮುದುಕ ಅಪ್ಪನ ಜೊತೆಯೇ ಮಾತಾಡುತ್ತಿದ್ದ. ಮೇಲ್ಮೈ ಹೊಳಪು ಮಾಡಿಕೊಟ್ಟರೆ ಸಾಕಲ್ಲವೇ ಎಂದು ಅಪ್ಪನನ್ನು ಕೇಳಿದ. ಅಪ್ಪ ತಲೆಯಾಡಿಸುವಷ್ಟರಲ್ಲಿ ಅಮ್ಮ, ಸಾಕಾಗುವುದಿಲ್ಲ, ಕಾದ ಕಲೆಗಳು ಗಟ್ಟಿಯಾಗಿ ಉಬ್ಬಿವೆ, ಅವು ಪೂರ್ತಿ ಹೋಗುವ ತನಕ ಗ್ರೈಂಡ್ ಮಾಡಬೇಕು, ಆಮೇಲೆ ತಿರುಗಿಸಿ ಎಲ್ಲಾದರೂ ಓಲಾಡುತ್ತದೆಯೇ ಎಂದು ಅಳೆಯಬೇಕು, ಅಳತೆ ನನಗೆ ತೋರಿಸಬೇಕು ಅಂದಳು. ಮುದುಕ ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದ. ಆಮೇಲಿನ ಒಂದೂವರೆ ಗಂಟೆ ಅವರಿಬ್ಬರೂ ಮೆಷಿನ್ನಿನ ಎರಡು ಪಕ್ಕ ನಿಂತು, ಅಳತೆಯ ಮುಳ್ಳು ನೋಡುತ್ತ, ಗಂಟಲೆತ್ತಿ ಮಾತಾಡುತ್ತಲೇ ಇದ್ದರು. ಅಪ್ಪನೂ ನಾನೂ ಬಾಗಿಲ ಬಳಿ ಒಂದು ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತೆವು. ಅಪ್ಪ ಚಹಾ ಮರೆತು ಅಮ್ಮನನ್ನೇ ನೋಡುತ್ತಿದ್ದ.

ಹಾಗಂತ ಜಗಳ ಆಗದೆ ಇರಲಿಲ್ಲ. ಯಾವ ಕ್ಲಚ್ಚು ಹಾಕಬೇಕು ಎಂಬುದರಲ್ಲಿ ಇಬ್ಬರೂ ಹಿಡಿದ ಪಟ್ಟು ಬಿಡಲಿಲ್ಲ. ಅಪ್ಪನಿಗೆ ರೇಸಿನ ಕಾರುಗಳಿಗೆ ಹಾಕುವ, ಲೋಹದ ತುಂಡುಗಳಿರುವ ಪ್ಲೇಟೇ ಬೇಕು. ಇನ್ನೊಮ್ಮೆ ಸುಡುವುದೇ ಬೇಡ ಎಂಬುದು ಅವನ ವಾದ. ಅಮ್ಮ ಹೇಳಿದ್ದು ಬೇರೆ. ಅಂಥದ್ದು ಮುಷ್ಟಿ ಹಿಡಿದ ಹಾಗೆ ಒಮ್ಮೆಲೇ ಕಚ್ಚುತ್ತದೆ, ಸಿಗ್ನಲ್ಲಿನಿಂದ ಹೊರಡುವಾಗೆಲ್ಲ ಕಾರು ಜಿಗಿಯುತ್ತದೆ, ಅದರ ಜೊತೆಗೆ ಬರುವ ಸ್ಪ್ರಿಂಗಿಗೆ ಪೆಡಲ್ ಕಲ್ಲಿನಷ್ಟು ಬಿಗಿ. ರಸ್ತೆಯ ಕಾರಿಗೆ ಮೆತ್ತಗೆ ಹಿಡಿಯುವ ಮಾಮೂಲಿ ಪ್ಲೇಟು, ಅದನ್ನು ಒತ್ತಲು ಡಯಾಫ್ರಮ್ ಸ್ಪ್ರಿಂಗು, ಅಂದರೆ ತಟ್ಟೆಯಾಕಾರದ ಒಂದೇ ಸ್ಪ್ರಿಂಗು, ಇರುವ ಪ್ರೆಶರ್ ಪ್ಲೇಟು. ಹಿಡಿತ ಗಟ್ಟಿ, ಪೆಡಲ್ ಹಗುರ. ಎಲ್ಲಕ್ಕಿಂತ ಮುಂಚೆ ಗೇರ್‌ಬಾಕ್ಸಿನ ಶಾಫ್ಟಿನ ಮೇಲೆ ಎಷ್ಟು ಗೀರುಗಳಿವೆ ಎಂದು ಎಣಿಸೋಣ, ಪ್ಲೇಟಿನ ನಡುವಿನ ತೂತಿನಲ್ಲೂ ಅಷ್ಟೇ ಗೀರುಗಳಿರಬೇಕು ಎಂದು ಅವಳು ಬಿಡಿಸಿ ಹೇಳಿದ್ದಳು. ಅಪ್ಪ ಕಾಯಲಿಲ್ಲ. ಕ್ಲಿನಿಕ್ಕಿನಿಂದಲೇ ಫೋನ್ ಮಾಡಿ ತನ್ನದನ್ನು ತರಿಸಿಬಿಟ್ಟ. ಡಬ್ಬಿ ಬಂತು. ಅಮ್ಮ ಅದನ್ನು ಶಾಫ್ಟಿನ ಹತ್ತಿರ ತಂದು ಹಿಡಿದಳು. ಶಾಫ್ಟಿನಲ್ಲಿ ಹತ್ತು ಅಗಲ ಗೀರು. ಪ್ಲೇಟಿನಲ್ಲಿ ಇಪ್ಪತ್ತಾರು ಸಣ್ಣ ಗೀರು. ಒಳಗೆ ಹೋಗುವುದೇ ಇಲ್ಲ. ಅಪ್ಪ ಮೆಟ್ಟಿಲ ಮೇಲೆ ಈರುಳ್ಳಿ ಬುಟ್ಟಿಯ ಪಕ್ಕ ನಿಂತಿದ್ದ.

"ನಿಂದ ಖರೆ ಆತು, ಸುಮಾ. ನಾ ಕೇಳಬೇಕಾಗಿತ್ತು."

ಅಷ್ಟು ಹೇಳಿ ಅವನೇ ಡಬ್ಬಿ ಕಟ್ಟಿ ವಾಪಸು ಕಳಿಸಿದ. ಅಮ್ಮ ಬರೆದುಕೊಟ್ಟ ಚೀಟಿಯನ್ನು ಫೋನಿನಲ್ಲಿ ಅಕ್ಷರ ಅಕ್ಷರ ಓದಿ ಹೇಳಿ, ಅವಳು ಆರಿಸಿದ್ದನ್ನು ತರಿಸಿದ. ಶುಕ್ರವಾರ ಮಧ್ಯಾಹ್ನ ಅದು ಬಂದಾಗ ಮನೆಯವರೆಲ್ಲ ಬಾಗಿಲಿಗೆ ಓಡಿದೆವು. ಅಜ್ಜಿ ಹೊಸ ಪ್ಲೇಟಿಗೆ ಕುಂಕುಮ ಹಚ್ಚಲು ಬಂದಳು. ಒಂದು ಚೂರು ಪುಡಿಯಾಗಲಿ ಎಣ್ಣೆಯಾಗಲಿ ಅದರ ಮೈಗೆ ತಾಗಬಾರದು ಎಂದು ಅಮ್ಮ ಕೈ ಮುಗಿದು ಬೇಡಿಕೊಂಡ ಮೇಲೆ, ಡಬ್ಬಿಗೆ ಹಚ್ಚಿ ಸಮಾಧಾನಪಟ್ಟಳು.

ಶನಿವಾರ ಬೆಳಗ್ಗೆ ಜೋಡಣೆ. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಹೊಸ ಪ್ಲೇಟು ಫ್ಲೈವೀಲಿನ ನಟ್ಟನಡುವೆ ಕೂರಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸಿನ ಶಾಫ್ಟು ಅದನ್ನು ದಾಟಿ ಪೂರ್ತಿ ಒಳಗೆ ಹೋಗುವುದಿಲ್ಲ. ಅದಕ್ಕಾಗಿ ಒಂದು ಪ್ಲಾಸ್ಟಿಕ್ ಕಡ್ಡಿಯನ್ನು ನಡುವಿನ ತೂತಿನಲ್ಲಿ ತೂರಿಸಿ, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾರೆ. ಕೊನೆಯ ಬೋಲ್ಟು ಬಿಗಿದ ಮೇಲೆಯೇ ಕಡ್ಡಿ ತೆಗೆಯುವುದು. ಅಮ್ಮ ಬೇರೊಂದು ಸ್ಪ್ಯಾನರಿಗಾಗಿ ಹೊರಗೆ ತೆವಳಿದಾಗ, ಎಲ್ಲ ಆಯಿತು ಅಂದುಕೊಂಡು, ಉತ್ಸಾಹ ತಡೆಯಲಾರದೆ ನಾನು ಕಡ್ಡಿಯನ್ನು ಎಳೆದುಬಿಟ್ಟೆ. ಪ್ಲೇಟು ಕೂದಲೆಳೆಯಷ್ಟು ಕೆಳಗೆ ಸರಿದದ್ದು ನನ್ನ ಕಣ್ಣಿಗೆ ಬಿತ್ತು. ಗಾಬರಿಯಾಗಿ ಕಡ್ಡಿಯನ್ನು ಮತ್ತೆ ಸುಮ್ಮನೆ ತುದಿಗೆ ಸಿಕ್ಕಿಸಿಟ್ಟೆ. ಅಮ್ಮ ಬಂದು ಉಳಿದ ಬೋಲ್ಟುಗಳನ್ನು ಬಿಗಿದಳು. ನಾನು ಹೇಳಲಿಲ್ಲ.

ಗೇರ್‌ಬಾಕ್ಸ್ ಮೇಲೇರಿತು, ಮುಂದೆ ಸರಿಯಿತು, ಕೊನೆಯ ಒಂದು ಬೆರಳಗಲ ಉಳಿದಾಗ ನಿಂತುಬಿಟ್ಟಿತು. ಅಮ್ಮ ಅಲುಗಿಸಿದಳು, ತಿರುಗಿಸಿದಳು, ಜಾಕನ್ನು ಒಂದು ಹಲ್ಲು ಏರಿಸಿ ಒಂದು ಹಲ್ಲು ಇಳಿಸಿ ನೋಡಿದಳು. ಒಂದು ಗಂಟೆ ಹೀಗೇ ಹೋಯಿತು. ಅಪ್ಪ ಇಣುಕಿ, ನಾಲ್ಕು ಬೋಲ್ಟು ಹಾಕಿ ಬಿಗಿದರೆ ತಾನಾಗಿ ಒಳಗೆ ಹೋಗುವುದಿಲ್ಲವೇ ಎಂದು ಕೇಳಿದ. ಹೋಗುತ್ತದೆ, ಜೊತೆಗೆ ಗೇರ್‌ಬಾಕ್ಸಿನ ಕವಚದಲ್ಲಿ ಬೋಲ್ಟು ಕೂರುವ ಕಿವಿಯೂ ಒಡೆಯುತ್ತದೆ, ಪ್ಲೇಟೂ ಸೊಟ್ಟಗಾಗುತ್ತದೆ ಅಂದಳು ಅಮ್ಮ. ನಾಳೆಯೇ ಭಾನುವಾರ. ತಾನೇನೋ ಮರೆತಿದ್ದೇನೆ, ಇಷ್ಟು ವರ್ಷದಲ್ಲಿ ಕೈ ತಪ್ಪಿಹೋಗಿದೆ ಎಂದು ಅವಳು ಮೆಲ್ಲಗೆ, ನನಗಲ್ಲ, ತನಗೇ ಹೇಳಿಕೊಂಡಳು. ಅದನ್ನು ಕೇಳಿ ನನಗೆ ಸುಮ್ಮನಿರಲಾಗಲಿಲ್ಲ. ಕಾರಿನ ಹೊಟ್ಟೆಯ ಕೆಳಗೆ, ಅವಳ ಪಕ್ಕದಲ್ಲಿ ಅಂಗಾತ ಮಲಗಿದ್ದಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಕನ್ನಡದಲ್ಲಿ ಹೇಳಿದೆ. ಯಾಕೆ ಅಂತ ಈಗಲೂ ಗೊತ್ತಿಲ್ಲ.

"ಅಮ್ಮ, ನಾನು ಕಡ್ಡಿ ಮೊದಲೇ ತೆಗೆದೆ. ನಿನ್ನ ತಪ್ಪಲ್ಲ."

ಅಮ್ಮ ತಲೆ ಹೊರಳಿಸಿ ನನ್ನನ್ನು ನೋಡಿದಳು. ಗ್ರೀಸು ಮೆತ್ತಿದ ಮುಖದಲ್ಲಿ ಬರೀ ಕಣ್ಣು ಕಾಣುತ್ತಿತ್ತು. ಬೈಯುತ್ತಾಳೆ ಅಂದುಕೊಂಡೆ. ಅವಳು ಉಸಿರು ಬಿಟ್ಟಳು, ದೊಡ್ಡದಾಗಿ, ಹೊರೆ ಇಳಿಸಿದವರ ಹಾಗೆ.

"ಆಗಲೇ ಹೇಳಿದ್ರೆ ಒಂದು ಗಂಟೆ ಉಳೀತಿತ್ತು. ಬಾ, ಇಳಿಸೋಣ."

ಮತ್ತೆ ಇಳಿಸಿದೆವು. ಬೋಲ್ಟುಗಳನ್ನು ಸಡಿಲಿಸಿ, ಪ್ಲೇಟನ್ನು ನಡುವಿಗೆ ತಂದು, ಈ ಸಲ ಕಡ್ಡಿಯನ್ನು ಹಿಡಿದುಕೊಳ್ಳುವ ಕೆಲಸವನ್ನೇ ಅಮ್ಮ ನನಗೆ ಕೊಟ್ಟಳು. ಮಧ್ಯಾಹ್ನ ಮೂರಕ್ಕೆ ಗೇರ್‌ಬಾಕ್ಸನ್ನು ಮತ್ತೊಮ್ಮೆ ಮುಂದೆ ತಳ್ಳಿದಾಗ, ಅದು ಡ್ರಾಯರ್ ಮುಚ್ಚಿಕೊಂಡಂತೆ ಸಲೀಸಾಗಿ ಒಳಗೆ ಹೋಗಿ ಠಕ್ ಎಂದು ಕೂತಿತು. ನಾವಿಬ್ಬರೂ ಮಲಗಿದ್ದಲ್ಲೇ ನಗುತ್ತಾ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು.

ಉಳಿದದ್ದು ಪೆಡಲಿನ ಹೊಂದಾಣಿಕೆ. ಅಮ್ಮ ಅಡಿಯಲ್ಲಿ ಪೆಡಲಿನಿಂದ ಬರುವ ಸರಳಿನ ನಟ್ಟು ತಿರುಗಿಸಬೇಕು, ನಾನು ಪಕ್ಕದಲ್ಲಿ ಸ್ಕೇಲು ಹಿಡಿದು ಸಂದು ಅಳೆಯಬೇಕು, ಮೇಲೆ ಯಾರಾದರೂ ಪೆಡಲ್ ಒತ್ತಿ ಬಿಡಬೇಕು. ಅಪ್ಪ ಹಾಲು ತರಲು ಹೋಗಿದ್ದ. ಅಜ್ಜಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಸ್ಟೂಲು ಹತ್ತಿ, ಎಡಗಡೆಯ ಸ್ಟೀರಿಂಗಿನ ಹಿಂದೆ ಹೋಗಿ ಕೂತಳು. ಕಾಲು ಮುಟ್ಟಲೆಂದು ಬೆನ್ನಿಗೆ ಎರಡು ದಿಂಬು.

"ಒತ್ತಲೇನವಾ?"

"ಒತ್ತಿ ಅತ್ತೆ. ಪೂರ್ತಿ. ಈಗ ನಿಧಾನಕ್ಕೆ ಬಿಡಿ."

"ಅಯ್ಯ, ಎಷ್ಟ ಹಗೂರ ಅದ. ನನ್ನ ಹೊಲಿಗಿ ಮಷಿನ್ ಇದ್ದಂಗ ಅದ."

ಅಡಿಯಲ್ಲಿ ಅಮ್ಮ ಕಣ್ಣು ಮುಚ್ಚಿ ನಕ್ಕಳು. ಅಜ್ಜಿಯ ಎಂಬತ್ತರ ಹತ್ತಿರದ ಕಾಲಿಗೆ ಹಗುರವಾದರೆ ಅವಳ ಆಯ್ಕೆ ಗೆದ್ದ ಹಾಗೆ.

ಭಾನುವಾರ ಹೆಗಡೆ ಅಂಕಲ್ ಬಂದರು. ಒಳ್ಳೆಯ ಮನುಷ್ಯ, ಗಟ್ಟಿ ದನಿ, ಹೊಸ ಚರ್ಮದ ಜಾಕೆಟ್ಟು. ಕಾರು ತೋರಿಸಲು ಅಪ್ಪ ಸ್ಟೀರಿಂಗ್ ಹಿಡಿಯಲಿಲ್ಲ, ಕೀಲಿಕೈಯನ್ನು ಅಮ್ಮನಿಗೆ ಕೊಟ್ಟ. ಹಿಂದಿನ ಸೀಟಿನಲ್ಲಿ ಅಪ್ಪ, ನಾನು. ಅಮ್ಮ ಕ್ಲಚ್ ಬಿಟ್ಟಳು. ಕೋಣ ಜರ್ಕಿಲ್ಲದೆ, ನೀರಿನ ಮೇಲೆ ದೋಣಿ ಸರಿದ ಹಾಗೆ ಹೊರಟಿತು. ಹೆಗಡೆ ಅಂಕಲ್ ಮಾತು ನಿಲ್ಲಿಸಿ ಅಮ್ಮನ ಕಾಲು ಕೈ ನೋಡುತ್ತ ಕೂತರು. ವಾಪಸು ಬಂದು ಇಳಿದವರೇ ಕಾರು ತಮಗೆ ಬೇಕೇ ಬೇಕು ಅಂದರು. ಅಮ್ಮ ಒಂದೇ ವಿಷಯ ಹೇಳಿದಳು: ಹೊಸ ಕ್ಲಚ್ಚು ಪಳಗಬೇಕು, ಮೊದಲ ಐನೂರು ಮೈಲಿ ಊರೊಳಗೆ ನಿಲ್ಲುತ್ತಾ ಹೊರಡುತ್ತಾ ಮೆಲ್ಲಗೆ ಓಡಿಸಬೇಕು, ಜೋರು ಮಾಡಬಾರದು. ಅವರು ನಕ್ಕು, ಅಷ್ಟು ತಾಳ್ಮೆ ಯಾರಿಗಿದೆ, ಮುಂದಿನ ಶನಿವಾರವೇ ರೇಸ್ ಟ್ರ್ಯಾಕಿಗೆ ಒಯ್ಯುತ್ತೇನೆ ಅಂದರು. ಅಮ್ಮ ಕೀಲಿಕೈಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಹಾಗಾದ್ರೆ ಕೊಡಕ್ಕಾಗಲ್ಲ, ಡಾಕ್ಟ್ರೇ."

ನಮ್ಮ ಮನೆಯಲ್ಲಿ ಅಮ್ಮ ಅತಿಥಿಗೆ ಇಲ್ಲ ಅಂದದ್ದು ಅದೇ ಮೊದಲು. ಹೆಗಡೆ ಅಂಕಲ್ ತಮಾಷೆಯೆಂದುಕೊಂಡು ಅಪ್ಪನ ಕಡೆ ತಿರುಗಿದರು. ಅಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟ.

"ಕಾರ್ ಆಕೀದು ಹೆಗಡೆ, ನಂದಲ್ಲ. ಬಾ, ಊಟಾ ಮಾಡ್ಕೊಂಡು ಹೋಗು."

ಹೀಗೆ ಕೋಣ ನಮ್ಮಲ್ಲೇ ಉಳಿಯಿತು, ಐನೂರು ಮೈಲಿಯೂ ನಮ್ಮ ಪಾಲಿಗೇ ಬಂತು. ಆ ಬೇಸಿಗೆಯಿಡೀ ಅಮ್ಮನೂ ನಾನೂ ಅದನ್ನು ಓಡಿಸಿದೆವು. ಅಂದರೆ ಅವಳು ಓಡಿಸಿದಳು, ನಾನು ಪಕ್ಕದಲ್ಲಿ ಕೂತು ಮೈಲಿ ಓದಿದೆ. ತರಕಾರಿಗೆ, ಲೈಬ್ರರಿಗೆ, ನನ್ನ ಈಜಿಗೆ, ಅಜ್ಜಿಯ ಕಣ್ಣಿನ ಡಾಕ್ಟರಿಗೆ. ಟ್ರಾಫಿಕ್ಕು ಹೆಚ್ಚಿರುವ ದಾರಿಯನ್ನೇ ಹುಡುಕಿ ಹೋಗುವ ಬರ್ಮಿಂಗ್‌ಹ್ಯಾಮಿನ ಏಕೈಕ ಕುಟುಂಬ ನಮ್ಮದೇ ಇರಬೇಕು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹೋಗುತ್ತ ಅಮ್ಮ ತನ್ನ ಕಾರ್ಖಾನೆಯ ಕಥೆ ಹೇಳಿದಳು. ಮುನ್ನೂರು ಗಂಡಸರ ನಡುವೆ ಒಬ್ಬಳೇ ಹೆಂಗಸು. ಹೊರಡುವ ದಿನ ಅವರೆಲ್ಲ ಸೇರಿ ಅವಳಿಗೆ ಒಂದು ಸ್ಪ್ಯಾನರ್ ಸೆಟ್ಟು ಕೊಟ್ಟಿದ್ದರಂತೆ, ವಿಮಾನಕ್ಕೆ ಭಾರವಾಗುತ್ತದೆಂದು ಅದನ್ನು ಮೈಸೂರಿನಲ್ಲೇ ಬಿಟ್ಟು ಬಂದಿದ್ದಳಂತೆ. ನಾನು ಕೇಳುತ್ತಿದ್ದೆ, ಕೇಳಿದ್ದಕ್ಕೆ ಕನ್ನಡದಲ್ಲೇ ಮತ್ತೊಂದು ಪ್ರಶ್ನೆ ಹಾಕುತ್ತಿದ್ದೆ. ಇನ್ನೂರನೇ ಮೈಲಿಯ ಹೊತ್ತಿಗೆ ಅವಳು ಅಡುಗೆಮನೆಯ ಮೇಜಿನ ಮೇಲೆ ಕೆಲಸದ ಅರ್ಜಿಗಳನ್ನು ಬರೆಯುತ್ತಿದ್ದಳು. ಅವಳ ಇಂಗ್ಲಿಷನ್ನು ನಾನು ತಿದ್ದುತ್ತಿದ್ದೆ, ಅಪ್ಪ ಅಂಚೆಗೆ ಹಾಕುತ್ತಿದ್ದ. ಮೂರು ಕಡೆಯಿಂದ ಬೇಡವೆಂದು ಕಾಗದ ಬಂತು. ನಾಲ್ಕನೆಯದು ಗೇರುಗಳನ್ನು ಪರೀಕ್ಷೆ ಮಾಡುವ ಒಂದು ಸಣ್ಣ ಕಂಪನಿ. ಅವರು ಕರೆದರು, ಅವಳು ಕೋಣದಲ್ಲೇ ಹೋಗಿ ಬಂದಳು, ಕೆಲಸ ಸಿಕ್ಕಿತು. ಕ್ಲಿನಿಕ್ಕಿಗೆ ಅಪ್ಪ ಹೊಸ ರಿಸೆಪ್ಷನಿಸ್ಟನ್ನು ಹುಡುಕಿಕೊಂಡ.

ಐನೂರನೇ ಮೈಲಿ ಮುಗಿದದ್ದು ಒಂದು ಶನಿವಾರ ಬೆಳಗ್ಗೆ, ಈಜು ಮುಗಿಸಿ ಬರುವಾಗ. ನನ್ನ ತಲೆ ಇನ್ನೂ ಒದ್ದೆಯಾಗಿತ್ತು. ಮನೆಗೆ ಹೋಗುವ ತಿರುವು ಬಂತು, ಅಮ್ಮ ತಿರುಗಿಸಲಿಲ್ಲ. ಮೋಟರ್‌ವೇಗೆ ಏರುವ ಉದ್ದನೆಯ ದಾರಿಗೆ ಬಂದಾಗ ಮುಂದೆ ಒಂದು ವಾಹನವೂ ಇರಲಿಲ್ಲ. ಅಮ್ಮ ಕನ್ನಡಿ ನೋಡಿದಳು, ನನ್ನ ಬೆಲ್ಟು ಎಳೆದು ನೋಡಿದಳು, ಆಮೇಲೆ ಕ್ಲಚ್ಚೊತ್ತಿ ಎರಡನೇ ಗೇರಿಗೆ ತಂದು ಆಕ್ಸಿಲರೇಟರನ್ನು ನೆಲದ ತನಕ ಒತ್ತಿದಳು. ಕೋಣ ಮೂತಿ ಎತ್ತಿತು. ನನ್ನ ಬೆನ್ನನ್ನು ಯಾರೋ ಎರಡೂ ಕೈಯಿಂದ ಸೀಟಿಗೆ ಒತ್ತಿ ಹಿಡಿದ ಹಾಗಾಯಿತು. ಪಕ್ಕದ ಬೇಲಿ, ಕಂಬ, ಹುಲ್ಲು ಎಲ್ಲ ಒಂದೇ ಹಸಿರು ಗೆರೆ. ಅವಳ ಎಡಗಾಲು ಒಮ್ಮೆ ಇಳಿದು ಎದ್ದಿತು, ಕೈ ಗೇರನ್ನು ಮುಂದಕ್ಕೆ ತಳ್ಳಿತು, ಒಂದು ಚೂರೂ ಜಾರದೆ ಕಾರು ಮತ್ತೆ ಮುಂದಕ್ಕೆ ನುಗ್ಗಿತು. ನಾನು ಕಿರುಚುತ್ತಿದ್ದೆ, ಹೆದರಿಕೆಯಿಂದಲ್ಲ. ಅಮ್ಮ ಮಾತ್ರ ರಸ್ತೆಯಿಂದ ಕಣ್ಣು ತೆಗೆಯದೆ, ಸಾರಿಗೆ ಉಪ್ಪು ಸಾಕಾ ಎಂದು ಕೇಳುವಷ್ಟೇ ಶಾಂತವಾಗಿ ಅಂದಳು:

"ಇರು, ಇದಿನ್ನೂ ಮೂರನೇ ಗೇರು."